ಎರಡು ಫೈಲಲ್ಲಿ ಒಂದೇ ಕಂಟೆಂಟ್ ಬರ್ತಿದ್ಯಾ? ಡಿಲೀಟ್ ಒತ್ತೋಕ್ ಮುಂಚೆ ಹೀಗೆ ನೋಡಿ

ಲಿನಕ್ಸಲ್ಲಿ ಒಂದು ಫೈಲ್ ಎಡಿಟ್ ಮಾಡಿ ಸೇವ್ ಮಾಡಿದ್ರೆ ಇನ್ಯಾವ್ದೋ ಫೋಲ್ಡರಲ್ಲಿರೋ ಫೈಲೂ ತಾನಾಗೇ ಬದಲಾಗಿ ಕೂತಿದೆ, ಅಥವಾ ಒಂದೇ ಫೋಲ್ಡರಲ್ಲಿ ಅಕ್ಷರ ಬಿಡದಂಗೆ ಒಂದೇ ಹೆಸರಿನ ಎರಡು ಫೈಲ್ ಕಾಣ್ತಿದೆ, ಅಥವಾ ಮೊನ್ನೆವರೆಗೂ ಸರಿಯಾಗಿದ್ದ ಪಿಡಿಎಫ್ ಓಪನ್ ಮಾಡೋಕ್ ಹೋದ್ರೆ ಒಳಗೆ ಯಾವ್ದೋ ಲಾಗ್ ಫೈಲಿನ ಸಾಲುಗಳು. ಮೂರಕ್ಕೂ ಜನ ಹೇಳೋದು ಒಂದೇ ಮಾತು, "ಡೂಪ್ಲಿಕೇಟ್ ಆಗ್ಬಿಟ್ಟಿದೆ" ಅಂತ. ಆದ್ರೆ ಕಾರಣ ಬೇರೆ ಬೇರೆ, ಮದ್ದೂ ಬೇರೆ ಬೇರೆ, ಮೊದಲನೇದಕ್ಕೆ ಮಾಡೋ ಉಪಾಯನ ಮೂರನೇದಕ್ಕೆ ಮಾಡಿದ್ರೆ ಉಳಿದಿರೋ ಡೇಟಾನೂ ಕೈಬಿಟ್ಟು ಹೋಗತ್ತೆ.

ಹಾಗಾಗಿ ಎಫ್‌ಡ್ಯೂಪ್ಸ್, ಜೆಡ್ಯೂಪ್ಸ್ ತರದ ಟೂಲ್ ಹಾಕಿ ಡಿಲೀಟ್ ಆಪ್ಷನ್ ಕೊಟ್ಟುಬಿಡೋದು ಈಗ್ಲೇ ಬೇಡ. ಅವು ಒಳ್ಳೇ ಟೂಲ್‌ಗಳೇ, ಆದ್ರೆ ಅವು ಹೇಳೋದು "ಎರಡೂ ಒಂದೇ ತರ ಇವೆ" ಅಂತ ಅಷ್ಟೇ, ಯಾಕೆ ಒಂದೇ ತರ ಇವೆ ಅನ್ನೋದು ಅವಕ್ಕೆ ಗೊತ್ತಿಲ್ಲ. ನೀವು ಹುಡುಕ್ಬೇಕಾಗಿರೋದು ಆ ಯಾಕೆನ. ನೋಡೋ ಕ್ರಮ ಮೇಲಿಂದ ಕೆಳಕ್ಕೆ: ಮೊದ್ಲು ಹೆಸರು ಮತ್ತೆ ಐನೋಡ್ (ಫೈಲಿನ ಒಳನಂಬರ್), ಆಮೇಲೆ ಮೌಂಟ್ (ಡಿಸ್ಕನ್ನ ಫೋಲ್ಡರಿಗೆ ಜೋಡಿಸೋದು), ಕೊನೆಗೆ ಡಿಸ್ಕಿನ ಬ್ಲಾಕ್ (ಡೇಟಾ ಇಡೋ ಚಿಕ್ಕ ತುಂಡು). (ಕಮಾಂಡ್‌ಗಳನ್ನ ಬಾಯಲ್ಲಿ ಹೇಳೋ ಹಾಗೇ ಕನ್ನಡದಲ್ಲಿ ಬರೆದಿದೀನಿ, ಟರ್ಮಿನಲ್ಲಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಹೊಡ್ಕೊಳ್ಳಿ, ಆಪ್ಷನ್ ಬಗ್ಗೆ ಡೌಟ್ ಬಂದ್ರೆ ಮ್ಯಾನ್ ಪೇಜ್ ಇದ್ದೇ ಇದೆ.)

ಶುರು ಮಾಡೋಕ್ ಮುಂಚೆ, ನಿಜವಾಗ್ಲೂ ಒಂದೇನಾ ಅಂತ ಖಾತ್ರಿ ಮಾಡ್ಕೊಳ್ಳಿ. ಸಿಎಂಪಿ ಕಮಾಂಡಿಗೆ ಎರಡೂ ಫೈಲ್ ಹೆಸರು ಕೊಡಿ, ಅದು ಏನೂ ಮಾತಾಡ್ದೆ ಪ್ರಾಂಪ್ಟ್ ವಾಪಸ್ ಕೊಟ್ರೆ ಬೈಟ್ ಬೈಟಿಗೂ ಒಂದೇ ಅಂತರ್ಥ, ವ್ಯತ್ಯಾಸ ಇದ್ರೆ ಎಷ್ಟನೇ ಬೈಟಲ್ಲಿ ಅಂತ ಹೇಳತ್ತೆ. ಆ ನಂಬರ್ ಬರೆದಿಟ್ಕೊಳ್ಳಿ, ಮುಂದೆ ಬೇಕಾಗತ್ತೆ. ಇನ್ನೊಂದು, ಹ್ಯಾಶ್ (ಕಂಟೆಂಟಿಂದ ಲೆಕ್ಕ ಹಾಕೋ ಗುರುತಿನ ನಂಬರ್, ಎಂಡಿ5 ಅದರಲ್ಲೊಂದು ಬಗೆ) ತೆಗ್ದು ನೋಡ್ದಾಗ ನೂರಾರು ಫೈಲಿಗೆ ಒಂದೇ ಎಂಡಿ5 ಬಂದು ಅದು ಡಿ41ಡಿ8ಸಿಡಿ9 ಅಂತ ಶುರುವಾಗಿದ್ರೆ ಗಾಬರಿ ಬೀಳ್ಬೇಡಿ, ಅದು ಖಾಲಿ ಫೈಲಿನ ಹ್ಯಾಶ್. ಸೈಜ್ ಸೊನ್ನೆ ಇರೋ ಫೈಲೆಲ್ಲಾ ಪ್ರಪಂಚದ ಎಲ್ಲಾ ಕಂಪ್ಯೂಟರಲ್ಲೂ ಒಂದೇ ಹ್ಯಾಶ್ ಕೊಡತ್ತೆ, ಅಲ್ಲಿ ಸಮಸ್ಯೆ ಡೂಪ್ಲಿಕೇಟ್ ಅಲ್ಲ, ಫೈಲ್ ಯಾಕೆ ಖಾಲಿ ಆಯ್ತು ಅನ್ನೋದು.

ಈಗ ಐನೋಡ್. ಲಿನಕ್ಸಲ್ಲಿ ಫೈಲಿನ ಹೆಸರು ಬೇರೆ, ಫೈಲ್ ಬೇರೆ. ಡೈರೆಕ್ಟರಿ ಒಳಗಿರೋದು ಬರೀ ಹೆಸರು ಮತ್ತೆ ಒಂದು ನಂಬರ್, ಆ ನಂಬರಿನ ಐನೋಡೇ ನಿಜವಾದ ಫೈಲ್. ಒಂದೇ ಐನೋಡಿಗೆ ಎಷ್ಟು ಹೆಸರಾದ್ರೂ ಇರ್ಬೋದು, ಅದಕ್ಕೇ ಹಾರ್ಡ್ ಲಿಂಕ್ ಅನ್ನೋದು. ಇದರಲ್ಲಿ ಅಸಲಿ ಯಾವ್ದು ನಕಲಿ ಯಾವ್ದು ಅಂತ ಇಲ್ಲವೇ ಇಲ್ಲ, ಎಲ್ಲಾ ಹೆಸರೂ ಸಮ. ನೋಡೋದು ಹೀಗೆ:

ಸ್ಟ್ಯಾಟ್ -ಸಿ '%ಡಿ %ಐ %ಎಚ್ %ಎನ್' ಮೊದಲ-ಫೈಲ್ ಎರಡನೇ-ಫೈಲ್

ಔಟ್‌ಪುಟ್ ಈ ತರ ಬಂತು ಅಂದ್ಕೊಳ್ಳಿ:

64769 1837264 2 ಕೆಲಸ/ಆ್ಯಪ್.ಕಾನ್ಫ್
64769 1837264 2 ಬ್ಯಾಕಪ್/ಆ್ಯಪ್.ಕಾನ್ಫ್

ಮೊದಲನೇದು ಡಿವೈಸ್ ನಂಬರ್, ಎರಡನೇದು ಐನೋಡ್, ಮೂರನೇದು ಎಷ್ಟು ಹೆಸರಿದೆ ಅನ್ನೋ ಲೆಕ್ಕ. ಡಿವೈಸ್ ಮತ್ತೆ ಐನೋಡ್ ಎರಡೂ ಒಂದೇ ಆದ್ರೆ ಅದು ಎರಡು ಫೈಲಲ್ಲ, ಒಂದೇ ಫೈಲು. ಬರೀ ಐನೋಡ್ ನಂಬರ್ ನೋಡಿ ತೀರ್ಮಾನ ಮಾಡ್ಬೇಡಿ, ಯಾಕಂದ್ರೆ ಬೇರೆ ಬೇರೆ ಪಾರ್ಟಿಷನ್ನಲ್ಲಿ ಅದೇ ನಂಬರ್ ಆರಾಮಾಗಿ ಮತ್ತೆ ಬರತ್ತೆ, ಬಿಟಿಆರ್‌ಎಫ್‌ಎಸ್ ಅನ್ನೋ ಫೈಲ್ ಸಿಸ್ಟಮ್ಮಿನ (ಡಿಸ್ಕಲ್ಲಿ ಫೈಲ್ ಜೋಡಿಸಿಡೋ ವ್ಯವಸ್ಥೆ) ಸ್ನ್ಯಾಪ್‌ಶಾಟಲ್ಲಂತೂ ಮೂಲದ ಐನೋಡ್ ನಂಬರೇ ಇರತ್ತೆ, ಡಿವೈಸ್ ನಂಬರ್ ಮಾತ್ರ ಬೇರೆ ತೋರ್ಸತ್ತೆ. ಎಲ್‌ಎಸ್ -ಎಲ್‌ಐ ಹಾಕಿದ್ರೆ ಡಿವೈಸ್ ಕಾಣಲ್ಲ, ಅದಕ್ಕೇ ನಾನು ಸ್ಟ್ಯಾಟ್ ಹೇಳೋದು. ಉಳಿದ ಹೆಸರುಗಳು ಎಲ್ಲೆಲ್ಲಿವೆ ಅಂತ ಬೇಕಾದ್ರೆ, ಆ ಪಾರ್ಟಿಷನ್ನಿನ ಮೇಲ್ತುದಿಯಿಂದ ಫೈಂಡ್ ಓಡ್ಸಿ, -ಎಕ್ಸ್‌ಡೆವ್ -ಸೇಮ್‌ಫೈಲ್ ಕೊಟ್ಟು ಫೈಲ್ ಹೆಸರು ಕೊಡಿ. ಅಂದಹಾಗೆ ಎಫ್‌ಡ್ಯೂಪ್ಸ್ ಸುಮ್ನೆ ಓಡ್ಸಿದ್ರೆ ಹಾರ್ಡ್ ಲಿಂಕ್‌ಗಳನ್ನ ಡೂಪ್ಲಿಕೇಟ್ ಅಂತ ಲೆಕ್ಕಕ್ಕೇ ತಗೊಳಲ್ಲ, ಕ್ಯಾಪಿಟಲ್ ಎಚ್ ಆಪ್ಷನ್ ಕೊಟ್ರೆ ಮಾತ್ರ ತೋರ್ಸತ್ತೆ. ಸಿಎಂಪಿ ಒಂದೇ ಅಂತಿದೆ, ಎಫ್‌ಡ್ಯೂಪ್ಸ್ ಏನೂ ಸಿಗ್ಲಿಲ್ಲ ಅಂತಿದೆ ಅಂದ್ರೆ ಅದೇ ಒಂದು ಸುಳಿವು.

ನಾನು ಹಾರ್ಡ್ ಲಿಂಕ್ ಮಾಡೇ ಇಲ್ವಲ್ಲ ಅಂತೀರ. ನೀವು ಮಾಡಿರಲ್ಲ, ಟೂಲ್ ಮಾಡಿರತ್ತೆ. ಆರ್‌ಎಸ್‌ನ್ಯಾಪ್‌ಶಾಟ್ ತರದ ಬ್ಯಾಕಪ್ಪು, ಆರ್‌ಸಿಂಕ್‌ನ ಲಿಂಕ್-ಡೆಸ್ಟ್ ಆಪ್ಷನ್ನು, ಸಿಪಿ -ಎಎಲ್, ಇವೆಲ್ಲ ಜಾಗ ಉಳಿಸೋಕೆ ಬದಲಾಗದ ಫೈಲಿಗೆ ಹಾರ್ಡ್ ಲಿಂಕೇ ಮಾಡೋದು. ಪಿಎನ್‌ಪಿಎಂ ಅನ್ನೋ ಪ್ಯಾಕೇಜ್ ಮ್ಯಾನೇಜರ್ ಉಪಯೋಗಿಸೋ ಜಾವಾಸ್ಕ್ರಿಪ್ಟ್ ಮಂದಿ ಇದನ್ನ ಪಕ್ಕಾ ನೋಡಿರ್ತೀರ, ಈಎಕ್ಸ್‌ಟಿ4 ಫೈಲ್ ಸಿಸ್ಟಮ್ಮಲ್ಲಿ ಅದು ನೋಡ್ ಮಾಡ್ಯೂಲ್ಸ್ ಒಳಗಿನ ಫೈಲನ್ನ ತನ್ನ ಸ್ಟೋರಿಂದ ಹಾರ್ಡ್ ಲಿಂಕ್ ಮಾಡಿ ತರತ್ತೆ, ನೀವು ಡೀಬಗ್ ಮಾಡೋಕೆ ಅಂತ ಅಲ್ಲೊಂದು ಕನ್ಸೋಲ್ ಲಾಗ್ ಸೇರಿಸಿದ್ರೆ ಅದೇ ಪ್ಯಾಕೇಜ್ ಇರೋ ಇನ್ನೊಂದು ಪ್ರಾಜೆಕ್ಟಲ್ಲೂ ಆ ಸಾಲು ಪ್ರತ್ಯಕ್ಷ. ಪಿಎನ್‌ಪಿಎಂ ಸ್ಟೋರ್ ಸ್ಟೇಟಸ್ ಅಂತ ಹೊಡೆದ್ರೆ ಸ್ಟೋರಲ್ಲಿ ಯಾವ ಪ್ಯಾಕೇಜ್ ಬದಲಾಗಿದೆ ಅಂತ ಹೇಳತ್ತೆ, ಎಡಿಟ್ ಮಾಡ್ಲೇಬೇಕು ಅಂದ್ರೆ ಪಿಎನ್‌ಪಿಎಂ ಪ್ಯಾಚ್ ಇದೆ, ಅದನ್ನ ಬಳಸಿ.

ತಲೆ ಕೆಡಿಸೋ ವಿಷಯ ಏನಂದ್ರೆ ಹಾರ್ಡ್ ಲಿಂಕ್ ಇದ್ರೂ ಕೆಲವೊಮ್ಮೆ ಎರಡೂ ಬದಲಾಗತ್ತೆ, ಕೆಲವೊಮ್ಮೆ ಒಂದೇ ಬದಲಾಗತ್ತೆ. ಅದು ಯಾವ ಪ್ರೋಗ್ರಾಮ್ ಬರೀತು ಅನ್ನೋದರ ಮೇಲೆ. ಎರಡು ಗ್ರೇಟರ್-ದ್ಯಾನ್ ಚಿಹ್ನೆ ಹಾಕಿ ಎಕೋ ಮಾಡಿದ್ರೆ ಅದೇ ಐನೋಡಿಗೆ ಬರಿಯತ್ತೆ, ಎರಡೂ ಹೆಸರಲ್ಲೂ ಕಾಣತ್ತೆ. ಸೆಡ್ -ಐ ಹೊಸ ಫೈಲ್ ಬರೆದು ಹಳೇ ಹೆಸರಿಗೆ ರೀನೇಮ್ ಮಾಡೋದು, ಹಾಗಾಗಿ ಲಿಂಕ್ ಅಲ್ಲೇ ಕಡಿದುಹೋಗತ್ತೆ. ವಿಮ್ ಡೀಫಾಲ್ಟ್ ಸೆಟ್ಟಿಂಗಲ್ಲಿ ಫೈಲಿಗೆ ಲಿಂಕ್ ಇದೆ ಅಂತ ಗೊತ್ತಾದ್ರೆ ಲಿಂಕ್ ಉಳಿಸ್ಕೊಂಡೇ ಬರಿಯತ್ತೆ. ಆರ್‌ಸಿಂಕ್ ಮಾಮೂಲಾಗಿ ಟೆಂಪ್ ಫೈಲ್ ಮಾಡಿ ರೀನೇಮ್ ಮಾಡೋದರಿಂದ ಹಳೇ ಸ್ನ್ಯಾಪ್‌ಶಾಟ್ ಹಾಳಾಗಲ್ಲ, ಆದ್ರೆ ಸಿಪಿ -ಎಎಲ್ ಮಾಡಿಟ್ಟ ಬ್ಯಾಕಪ್ ಮೇಲೆ ಯಾರೋ ಇನ್‌ಪ್ಲೇಸ್ (ಅದೇ ಐನೋಡಿಗೆ ಬರಿಯೋ) ಆಪ್ಷನ್ ಸೇರಿಸಿ ಆರ್‌ಸಿಂಕ್ ಓಡ್ಸಿದ್ರೆ ಹಿಂದಿನ ದಿನಗಳ ಬ್ಯಾಕಪ್ಪೆಲ್ಲ ಇವತ್ತಿನದೇ ಆಗ್ಬಿಡತ್ತೆ. ಬ್ಯಾಕಪ್ಪೆಲ್ಲ ಒಂದೇ ತರ ಇದೆ ಅಂತ ಯಾರಾದ್ರೂ ಹೇಳಿದ್ರೆ ನಾನು ಮೊದ್ಲು ಕೇಳೋದೇ ಆ ಕ್ರಾನ್ (ಹೊತ್ತಿಗೆ ಸರಿಯಾಗಿ ತಾನಾಗೇ ಕೆಲಸ ಓಡ್ಸೋ ವ್ಯವಸ್ಥೆ) ಸಾಲು ತೋರ್ಸಿ ಅಂತ.

ಲಿಂಕ್ ಬಿಡಿಸೋದು ಸುಲಭ: ಸಿಪಿ -ಎ ಫೈಲ್ ಫೈಲ್.ಹೊಸದು ಮಾಡಿ, ಆಮೇಲೆ ಎಂವಿ ಫೈಲ್.ಹೊಸದು ಫೈಲ್. ಈಗ ಮತ್ತೆ ಸ್ಟ್ಯಾಟ್ ನೋಡಿ, ಐನೋಡ್ ಬೇರೆ ಆಗಿ ಲೆಕ್ಕ ಒಂದಕ್ಕೆ ಇಳಿದಿರ್ಬೇಕು. ಸಿಂಬಾಲಿಕ್ ಲಿಂಕ್ ಬಗ್ಗೆ ಉದ್ದ ಹೇಳಲ್ಲ, ಎಲ್‌ಎಸ್ -ಎಲ್ ಬಾಣದ ಗುರುತು ತೋರ್ಸತ್ತೆ, ಫೈಲ್ ಅಲ್ದಿದ್ರೂ ಮೇಲಿನ ಫೋಲ್ಡರೇ ಲಿಂಕ್ ಆಗಿರ್ಬೋದು, ರಿಯಲ್‌ಪಾತ್ ಹಾಕಿ ಎರಡೂ ಒಂದೇ ಕಡೆ ಹೋಗತ್ತಾ ನೋಡಿ ಅಷ್ಟೇ.

ಫೋಲ್ಡರಿಗೆ ಫೋಲ್ಡರೇ ಡೂಪ್ಲಿಕೇಟ್ ತರ ಕಂಡ್ರೆ ಅದು ಮೌಂಟಿನ ಕೆಲಸ. ಫೈಂಡ್‌ಎಂಎನ್‌ಟಿ -ಟಿ ಕೊಟ್ಟು (ಟಿ ಕ್ಯಾಪಿಟಲ್) ಪಾತ್ ಕೊಡಿ, ಸೋರ್ಸ್ ಕಾಲಮ್ಮಲ್ಲಿ ಡಿಸ್ಕಿನ ಹೆಸರಿನ ಪಕ್ಕ ಚೌಕ ಬ್ರಾಕೆಟ್ಟಲ್ಲಿ ಒಂದು ಪಾತ್ ಬಂದ್ರೆ ಅದು ಬೈಂಡ್ ಮೌಂಟ್ (ಒಂದೇ ಫೋಲ್ಡರನ್ನ ಇನ್ನೊಂದು ಪಾತಲ್ಲೂ ತೋರ್ಸೋದು) ಅಥವಾ ಬಿಟಿಆರ್‌ಎಫ್‌ಎಸ್ ಸಬ್‌ವಾಲ್ಯೂಮ್. ಡಾಕರ್ ಇರೋ ಮಷೀನಲ್ಲಿ ಇದು ದಿನನಿತ್ಯದ ಕಥೆ, ಕಂಟೇನರ್ ಒಳಗೆ ಡಿಲೀಟ್ ಮಾಡಿದ್ದು ಹೋಸ್ಟಲ್ಲೂ ಹೋಯ್ತು ಅಂತ ಬರೋ ಗೋಳೆಲ್ಲ ಇದೇ.

ಇದಕ್ಕಿಂತ ಕೆಟ್ಟದ್ದು ಕ್ಲೋನ್ ಮಾಡಿದ ಡಿಸ್ಕ್. ಹಳೇ ಹಾರ್ಡ್ ಡಿಸ್ಕಿಂದ ಹೊಸ ಎಸ್‌ಎಸ್‌ಡಿಗೆ ಡಿಡಿ ಕಮಾಂಡಲ್ಲಿ ಪೂರ್ತಿ ಕಾಪಿ ಮಾಡಿ ಎರಡನ್ನೂ ಒಟ್ಟಿಗೆ ಸಿಕ್ಕಿಸಿಟ್ರೆ ಎರಡಕ್ಕೂ ಯುಯುಐಡಿ (ಫೈಲ್ ಸಿಸ್ಟಮ್ಮಿನ ಗುರುತಿನ ನಂಬರ್) ಒಂದೇ, ಏನೇನು ಮೌಂಟ್ ಆಗ್ಬೇಕು ಅಂತ ಪಟ್ಟಿ ಇರೋ ಎಫ್‌ಎಸ್‌ಟ್ಯಾಬಲ್ಲಿ ಯುಯುಐಡಿ ಬರೆದಿದ್ರೆ ಯಾವ್ದು ಮೌಂಟ್ ಆಗತ್ತೆ ಅನ್ನೋದಕ್ಕೆ ಗ್ಯಾರಂಟಿ ಇಲ್ಲ. ನೀವು ಹೊಸದರಲ್ಲಿ ಕೆಲಸ ಮಾಡ್ತಿದೀನಿ ಅಂದ್ಕೊಂಡಿರ್ತೀರ, ಬರೀತಿರೋದು ಹಳೇದಕ್ಕೆ. ಎಕ್ಸ್‌ಎಫ್‌ಎಸ್ ಆದ್ರೆ ಅದೇ ಯುಯುಐಡಿಯ ಎರಡನೇದನ್ನ ಮೌಂಟ್ ಮಾಡೋಕೇ ಬಿಡಲ್ಲ, ಈಎಕ್ಸ್‌ಟಿ4 ಮಾತ್ರ ತುಟಿಪಿಟಿಕ್ ಅನ್ನಲ್ಲ. ಎಲ್‌ಎಸ್‌ಬಿಎಲ್‌ಕೆ -ಎಫ್ ಹಾಕಿ ಒಂದೇ ಯುಯುಐಡಿ ಎರಡು ಸಲ ಬಂದಿದ್ಯಾ ನೋಡಿ, ಬಂದಿದ್ರೆ ಒಂದನ್ನ ಅನ್‌ಮೌಂಟ್ ಮಾಡಿ ಟ್ಯೂನ್2ಎಫ್‌ಎಸ್ -ಯು ರ್‍ಯಾಂಡಮ್ (ಯು ಕ್ಯಾಪಿಟಲ್) ಕೊಟ್ಟು ಬದಲಾಯ್ಸಿ. ಬಿಟಿಆರ್‌ಎಫ್‌ಎಸ್ ಕ್ಲೋನ್ ಆಗಿದ್ರೆ ಎರಡೂ ಡಿಸ್ಕ್ ಸಿಕ್ಕಿಸಿ ಮೌಂಟ್ ಮಾಡೋ ಧೈರ್ಯಾನೇ ಮಾಡ್ಬೇಡಿ, ಒಂದನ್ನ ಮೊದ್ಲು ಕೇಬಲ್ ಕಿತ್ತಿಡಿ.

ಈಗ ನಮ್ಮದೇ ಭಾಷೆಯ ತಾಪತ್ರಯ. ಒಂದೇ ಫೋಲ್ಡರಲ್ಲಿ "ಕೊಡಗು.ಜೆಪಿಜಿ" ಅಂತ ಎರಡು ಫೈಲ್, ಹೆಸರಲ್ಲಿ ಕೂದಲೆಳೆ ವ್ಯತ್ಯಾಸ ಇಲ್ಲ, ಕಂಟೆಂಟೂ ಒಂದೇ, ಐನೋಡ್ ಮಾತ್ರ ಬೇರೆ. ಇದು ಸಾಧ್ಯನೇ ಇಲ್ವಲ್ಲ ಅನ್ಸತ್ತೆ. ಸಾಧ್ಯ ಇದೆ, ಯಾಕಂದ್ರೆ ಯೂನಿಕೋಡಲ್ಲಿ "ಕೊ" ಬರಿಯೋಕೆ ಎರಡು ದಾರಿ ಇದೆ. ಒಂದು, ಕ ಆದ್ಮೇಲೆ ಒತ್ವದ ಒಂದೇ ಚಿಹ್ನೆ. ಇನ್ನೊಂದು, ಕ ಆದ್ಮೇಲೆ ಎತ್ವದ ಚಿಹ್ನೆ, ಅದಾದ್ಮೇಲೆ ಊತ್ವದ ಕೊಂಬು. ಸ್ಕ್ರೀನ್ ಮೇಲೆ ಎರಡೂ ಒಂದೇ ಆಕಾರ. ಆದ್ರೆ ಡಿಸ್ಕಲ್ಲಿ ಮೊದಲನೇ ಚಿಹ್ನೆ ಇ0 ಬಿ3 8ಎ ಅನ್ನೋ ಮೂರು ಬೈಟು, ಎರಡನೇದು ಇ0 ಬಿ3 86 ಇ0 ಬಿ3 82 ಅನ್ನೋ ಆರು ಬೈಟು. ಈಎಕ್ಸ್‌ಟಿ4 ಹೆಸರನ್ನ ಬರೀ ಬೈಟುಗಳಾಗಿ ನೋಡೋದು, ಅದಕ್ಕೆ ಇವು ಎರಡು ಬೇರೆ ಹೆಸರು. ಕೀ, ಕೇ, ಕೈ, ಕೋ ಎಲ್ಲಕ್ಕೂ ಇದೇ ಕಾಟ ಇದೆ.

ಇದು ಬರೋದು ಹೆಚ್ಚಾಗಿ ಮ್ಯಾಕಿಂದ. ಹಳೇ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕು ಎಲ್ಲಾ ಹೆಸರನ್ನೂ ಬಿಡಿಸಿದ ರೂಪದಲ್ಲೇ ಇಡತ್ತೆ, ಲಿನಕ್ಸ್ ಕೀಬೋರ್ಡು ಸಾಮಾನ್ಯವಾಗಿ ಕೂಡಿಸಿದ ರೂಪ ಕೊಡತ್ತೆ, ಮನೇಲಿ ಒಬ್ಬರದ್ದು ಮ್ಯಾಕ್ ಇನ್ನೊಬ್ಬರದ್ದು ಉಬುಂಟು ಇದ್ದು ಆರ್‌ಸಿಂಕಲ್ಲಿ ಅತ್ತಿಂದಿತ್ತ ಫೋಟೋ ಹಾಕ್ತಿದ್ರೆ ಕನ್ನಡ ಹೆಸರಿನ ಫೋಲ್ಡರೆಲ್ಲ ಜೋಡಿ ಜೋಡಿ ಆಗತ್ತೆ, ಇಂಗ್ಲಿಷ್ ಹೆಸರಿನದು ಮಾತ್ರ ಸರಿಯಾಗಿರತ್ತೆ. ಪತ್ತೆ ಮಾಡೋಕೆ ಎಲ್‌ಎಸ್ ಔಟ್‌ಪುಟ್ಟನ್ನ ಹೆಕ್ಸ್‌ಡಂಪ್ -ಸಿ (ಸಿ ಕ್ಯಾಪಿಟಲ್) ಒಳಗೆ ಪೈಪ್ ಮಾಡಿ ಬೈಟು ಹೋಲಿಸಿ. ಸರಿ ಮಾಡೋಕೆ ಕನ್ವ್‌ಎಂವಿ ಅಂತ ಚಿಕ್ಕ ಟೂಲ್ ಇದೆ:

ಕನ್ವ್‌ಎಂವಿ -ಎಫ್ ಯುಟಿಎಫ್8 -ಟಿ ಯುಟಿಎಫ್8 --ಎನ್‌ಎಫ್‌ಸಿ -ಆರ್ ಫೋಲ್ಡರ್

ಇಷ್ಟು ಕೊಟ್ರೆ ಅದು ಏನೇನು ಮಾಡ್ತೀನಿ ಅಂತ ತೋರ್ಸತ್ತೆ ಅಷ್ಟೇ, ಏನೂ ಮುಟ್ಟಲ್ಲ. ಓದಿ ನೋಡಿ, ಸರಿ ಅನ್ಸಿದ್ರೆ --ನೋಟೆಸ್ಟ್ ಸೇರಿಸಿ. ಆ ಹೆಸರಿನ ಫೈಲ್ ಮೊದಲೇ ಇದ್ರೆ ಅದು ಮುಂದುವರಿಯಲ್ಲ, --ರೀಪ್ಲೇಸ್ ಕೊಟ್ರೂ ಕಂಟೆಂಟ್ ಒಂದೇ ಇದ್ರೆ ಮಾತ್ರ ಮೇಲೆ ಬರಿಯತ್ತೆ, ಹಾಗಾಗಿ ನಂಬಬಹುದಾದ ಟೂಲು. ಇಲ್ಲಿ ಒಂದು ಬಿಟ್ಟುಹೋಗತ್ತೆ: ಅರ್ಕಾವತ್ತು ಬರದ ಹಾಗೆ ತಪ್ಪಿಸಿ ಬರಿಯುವಾಗ, ಇಂಗ್ಲಿಷ್ ಪದದ ಅರ್ಧಾಕ್ಷರ ಬರಿಯುವಾಗ ನಾವು ಸೇರಿಸೋ ಕಣ್ಣಿಗೆ ಕಾಣದ ಜಾಯಿನರ್ ಅಕ್ಷರಗಳು. ಅವನ್ನ ಕನ್ವ್‌ಎಂವಿ ಮುಟ್ಟಲ್ಲ, ಹೆಕ್ಸ್ ನೋಡಿ ಕೈಯಾರೆ ರೀನೇಮ್ ಮಾಡೋದೇ ಗತಿ.

ಐನೋಡ್ ಬೇರೆ, ಹೆಸರು ಬೇರೆ, ಮೌಂಟ್ ಸರಿ, ಆದ್ರೂ ಒಂದೇ ಕಂಟೆಂಟ್ ಅಂದಾಗ ಡಿಸ್ಕನ್ನ ಬಯ್ಯೋಕ್ ಮುಂಚೆ ಸ್ಕ್ರಿಪ್ಟ್ ನೋಡಿ. ಎರಡು ಕ್ರಾನ್ ಜಾಬು ಒಂದೇ ನಿಮಿಷಕ್ಕೆ ಶುರುವಾಗಿ ಎರಡೂ ಟೆಂಪ್ ಫೋಲ್ಡರಲ್ಲಿ ರಿಪೋರ್ಟ್ ಅನ್ನೋ ಒಂದೇ ಹೆಸರಿಗೆ ಬರೆದು ಅಲ್ಲಿಂದ ಕಾಪಿ ಮಾಡಿದ್ರೆ ಮೈಸೂರು ರಿಪೋರ್ಟಲ್ಲಿ ಮಂಡ್ಯದ ಅಂಕಿ ಬಂದೇ ಬರತ್ತೆ, ಅದೂ ದಿನಾ ಬರಲ್ಲ, ಸರ್ವರ್ ನಿಧಾನ ಆದ ದಿನ ಮಾತ್ರ. ಪ್ರತಿ ಸಲ ಹೊಸ ಹೆಸರು ಕೊಡೋ ಎಂಕೆಟೆಂಪ್ ಬಳಸಿ, ಇಲ್ಲಾ ಒಂದು ಮುಗಿಯೋವರೆಗೆ ಇನ್ನೊಂದನ್ನ ಕಾಯ್ಸೋ ಎಫ್‌ಲಾಕ್ ಹಾಕಿ.

ಅಲ್ಲೂ ಏನಿಲ್ಲ ಅಂದ್ರೆ ಬ್ಲಾಕಿಗೆ ಇಳಿಯೋಣ. ಫೈಲ್‌ಫ್ರ್ಯಾಗ್ -ವಿ ಎರಡೂ ಫೈಲಿಗೆ ಓಡ್ಸಿ, ಫಿಸಿಕಲ್ ಆಫ್‌ಸೆಟ್ ಅನ್ನೋ ಕಾಲಮ್ ನೋಡಿ. ಅದು ಫೈಲಿನ ಡೇಟಾ ಡಿಸ್ಕಲ್ಲಿ ಯಾವ ಬ್ಲಾಕಲ್ಲಿದೆ ಅನ್ನೋ ನಂಬರ್. ಎರಡು ಫೈಲಲ್ಲೂ ಅದೇ ನಂಬರ್ ಬಂದ್ರೆ ಮುಂದಿನ ಪ್ರಶ್ನೆ, ಫೈಲ್ ಸಿಸ್ಟಮ್ ಯಾವ್ದು? ಬಿಟಿಆರ್‌ಎಫ್‌ಎಸ್ ಅಥವಾ ಎಕ್ಸ್‌ಎಫ್‌ಎಸ್ ಆಗಿದ್ದು ಕೊನೇ ಕಾಲಮ್ಮಲ್ಲಿ ಶೇರ್ಡ್ ಅಂತಿದ್ರೆ ಆರಾಮಾಗಿರಿ. ಅದು ರೀಫ್ಲಿಂಕ್, ಅಂದ್ರೆ ಎರಡು ಫೈಲೂ ಒಂದೇ ಬ್ಲಾಕನ್ನ ಹಂಚ್ಕೊಂಡಿರೋ ಕಾಪಿ, 2021ರಲ್ಲಿ ಬಂದ ಕೋರ್‌ಯುಟಿಲ್ಸ್ 9.0ರಿಂದ ಸಿಪಿ ಕಮಾಂಡು ತಾನಾಗೇ ಹಾಗೆ ಮಾಡತ್ತೆ, ಒಂದನ್ನ ಎಡಿಟ್ ಮಾಡಿದ್ರೆ ಆ ಭಾಗ ಮಾತ್ರ ಬೇರೆ ಜಾಗಕ್ಕೆ ಹೋಗತ್ತೆ, ಇನ್ನೊಂದಕ್ಕೆ ತಾಕಲ್ಲ. ಜಾಗದ ಲೆಕ್ಕ ಮಾತ್ರ ಡಿಯು ಕಮಾಂಡಲ್ಲಿ ಡಬ್ಬಲ್ ತೋರ್ಸತ್ತೆ, ಬಿಟಿಆರ್‌ಎಫ್‌ಎಸ್ ಫೈಲ್‌ಸಿಸ್ಟಮ್ ಡಿಯು ಹಾಕಿದ್ರೆ ನಿಜ ಗೊತ್ತಾಗತ್ತೆ. ಆದ್ರೆ ಅದೇ ಡಿಸ್ಕಲ್ಲಿ ಸಿಪಿ ಮಾಡಿ "ಬ್ಯಾಕಪ್ ಇಟ್ಟಿದೀನಿ" ಅಂದ್ಕೊಂಡಿದ್ರೆ ಮರೆತುಬಿಡಿ, ಆ ಬ್ಲಾಕ್ ಕೆಟ್ರೆ ಎರಡೂ ಕೆಟ್ಟಂಗೇ.

ಈಎಕ್ಸ್‌ಟಿ4ಲ್ಲಿ ರೀಫ್ಲಿಂಕ್ ಇಲ್ಲ. ಅಲ್ಲಿ ಬೇರೆ ಬೇರೆ ಐನೋಡಿನ ಎರಡು ಫೈಲಿಗೆ ಒಂದೇ ಫಿಸಿಕಲ್ ಬ್ಲಾಕ್ ಬಂದ್ರೆ ಅದು ಒಂದೇ ಸರ್ವೆ ನಂಬರಿನ ಜಮೀನಿಗೆ ಇಬ್ಬರ ಹೆಸರಲ್ಲಿ ಬೇರೆ ಬೇರೆ ಪಹಣಿ ಇದ್ದಂಗೆ, ಎರಡರಲ್ಲಿ ಒಂದು ಸುಳ್ಳು. ಪಿಡಿಎಫ್ ಒಳಗೆ ಲಾಗ್ ಸಾಲು ಬರೋದು ಹೀಗೆ. ಮೊದ್ಲು ಸಿಎಂಪಿ ಕೊಟ್ಟ ಬೈಟ್ ನಂಬರ್ ಬರೆದಿಟ್ಕೊಳ್ಳಿ ಅಂದಿದ್ನಲ್ಲ, ಪಿಡಿಎಫ್‌ನ ಹಳೇ ಕಾಪಿ ಎಲ್ಲಾದ್ರೂ ಇದ್ರೆ ಅದರ ಜೊತೆ ಸಿಎಂಪಿ ಮಾಡಿ, ವ್ಯತ್ಯಾಸ ಶುರುವಾಗೋ ಜಾಗ 4096ರ ಗುಣಕದ ಪಕ್ಕದಲ್ಲೇ ಇದ್ರೆ (ಸಿಎಂಪಿ ಒಂದರಿಂದ ಎಣಿಸತ್ತೆ, ಹಾಗಾಗಿ 4097, 8193 ಹೀಗೆ) ಬ್ಲಾಕಿಗೆ ಬ್ಲಾಕೇ ಅದಲುಬದಲಾಗಿದೆ ಅಂತ ಅನುಮಾನ ಗಟ್ಟಿ ಆಗತ್ತೆ.

ಈ ಸ್ಥಿತಿಲಿ ಆ ಪಾರ್ಟಿಷನ್ನಿಗೆ ಬರಿಯೋದನ್ನ ಆಗಿಂದಾಗ್ಲೇ ನಿಲ್ಸಿ. ಎರಡರಲ್ಲಿ ಒಂದನ್ನ ಡಿಲೀಟ್ ಮಾಡಿದ್ರೆ ಆ ಬ್ಲಾಕ್ ಖಾಲಿ ಅಂತ ಲೆಕ್ಕಕ್ಕೆ ಹೋಗಿ, ಅದರ ಮೇಲೆ ಮೂರನೇ ಫೈಲ್ ಬಂದು ಕೂರತ್ತೆ, ಉಳಿದದ್ದೂ ಹಾಳು. ಅನ್‌ಮೌಂಟ್ ಮಾಡಿ, ರೂಟ್ ಆಗಿದ್ರೆ ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ, ಡಿಡಿರೆಸ್ಕ್ಯೂಲಿ ಪೂರ್ತಿ ಪಾರ್ಟಿಷನ್ನಿನ ಇಮೇಜ್ ಬೇರೆ ಡಿಸ್ಕಿಗೆ ತಗೊಳ್ಳಿ. ಆಮೇಲೆ ಫೈಲ್ ಸಿಸ್ಟಮ್ ಪರೀಕ್ಷಿಸೋ ಇ2ಎಫ್‌ಎಸ್‌ಸಿಕೆ -ಎಫ್‌ಎನ್ ಓಡ್ಸಿ, ಇದು ಬರೀ ಓದತ್ತೆ, ಬರಿಯಲ್ಲ. ಮೌಂಟ್ ಆಗಿದ್ದಾಗ್ಲೇ ಓಡ್ಸಿದ್ರೆ ಇಲ್ಲದ ಎರರ್ ಎಲ್ಲಾ ತೋರ್ಸತ್ತೆ, ಅದನ್ನ ನಂಬ್ಬೇಡಿ. ಪಾಸ್ 1ಬಿ, 1ಸಿ, 1ಡಿ ಅಂತ ಸಾಲುಗಳು ಬಂದು ಮಲ್ಟಿಪ್ಲೈ-ಕ್ಲೇಮ್ಡ್ ಬ್ಲಾಕ್ಸ್ ಅಂತ ಫೈಲ್ ಹೆಸರುಗಳ ಪಟ್ಟಿ ಕೊಟ್ರೆ ರೋಗ ಅದೇ. ಆ ಪಟ್ಟಿನ ಒಂದು ಫೈಲಲ್ಲಿ ಉಳಿಸ್ಕೊಳ್ಳಿ, ಯಾಕಂದ್ರೆ ನಿಜವಾದ ರಿಪೇರಿಗೆ -ಎಫ್ ಮಾತ್ರ ಕೊಟ್ಟು ಓಡ್ಸಿದಾಗ ಅದು ಬ್ಲಾಕ್‌ಗಳನ್ನ ಕ್ಲೋನ್ ಮಾಡ್ಲಾ ಅಂತ ಕೇಳತ್ತೆ, ಹೂಂ ಅಂದ್ರೆ ಎರಡೂ ಫೈಲಿಗೆ ಅದೇ ಡೇಟಾದ ಬೇರೆ ಬೇರೆ ಕಾಪಿ ಕೊಡತ್ತೆ. ಹೂಂ ಅನ್ನಿ. ಫೈಲ್ ಸಿಸ್ಟಮ್ ಆವಾಗ ಸರಿ ಹೋಗತ್ತೆ, ಫೈಲ್ ಸರಿ ಹೋಗಲ್ಲ. ಎರಡರಲ್ಲಿ ಒಂದರ ಒಳಗೆ ಈಗ್ಲೂ ಪರರ ಡೇಟಾನೇ ಇದೆ, ಯಾವ್ದು ಅಂತ ನೀವು ಕೂತು ನೋಡ್ಬೇಕು. ಫೈಲ್ ಕಮಾಂಡು ಹೆಡರ್ ನೋಡಿ ಅರ್ಧ ಉತ್ತರ ಕೊಡತ್ತೆ, ಮಿಕ್ಕಿದ್ದು ತಾರೀಖು ನೋಡಿ, ಸಾಮಾನ್ಯವಾಗಿ ಕೊನೇಲಿ ಬರೆದ ಫೈಲೇ ಗೆದ್ದಿರತ್ತೆ, ಹಳೇದು ಬ್ಯಾಕಪ್ಪಿಂದ ತರಬೇಕು.

ಯಾಕೆ ಹಿಂಗಾಯ್ತು ಅಂತ ಹುಡುಕದೆ ಬಿಟ್ರೆ ಮತ್ತೆ ಆಗತ್ತೆ. ಒಂದೇ ಈಎಕ್ಸ್‌ಟಿ4 ಡಿಸ್ಕನ್ನ ಎರಡು ವರ್ಚುವಲ್ ಮಷೀನಿಗೆ ಒಟ್ಟಿಗೆ ಕೊಟ್ಟಿದ್ರಾ? ಒಬ್ಬರ ಕ್ಯಾಶ್ ಇನ್ನೊಬ್ಬರಿಗೆ ಕಾಣಲ್ಲ, ಇಬ್ಬರೂ ಅದೇ ಖಾಲಿ ಬ್ಲಾಕ್ ಹಂಚಿಕೊಡ್ತಾರೆ, ಅದಕ್ಕೆ ಟ್ಯೂನ್2ಎಫ್‌ಎಸ್‌ನಲ್ಲಿ ಎಂಎಂಪಿ ಫೀಚರ್ ಆನ್ ಮಾಡಿದ್ರೆ ಎರಡನೇ ಮೌಂಟನ್ನ ತಡಿಯತ್ತೆ. ಡ್ಯುಯಲ್ ಬೂಟ್ ಲ್ಯಾಪ್‌ಟಾಪಲ್ಲಿ ಲಿನಕ್ಸನ್ನ ಹೈಬರ್ನೇಟ್ ಮಾಡಿಟ್ಟು, ಇನ್ನೊಂದು ಓಎಸ್‌ನಿಂದ ಅದೇ ಪಾರ್ಟಿಷನ್ನಿಗೆ ಬರೆದು, ವಾಪಸ್ ಬಂದು ರೆಸ್ಯೂಮ್ ಮಾಡಿದ್ರೂ ಇದೇ ಗತಿ. ಇವೆರಡೂ ಅಲ್ಲದಿದ್ರೆ ಕರ್ನಲ್ ಲಾಗ್ ತೋರ್ಸೋ ಡಿಎಂಇಎಸ್‌ಜಿ ಓದಿ, ಡಿಸ್ಕಿನ ಆರೋಗ್ಯ ಹೇಳೋ ಸ್ಮಾರ್ಟ್‌ಸಿಟಿಎಲ್ ನೋಡಿ, ರಾತ್ರಿ ಪೂರ್ತಿ ಮೆಮ್‌ಟೆಸ್ಟ್ ಓಡೋಕ್ ಬಿಡಿ, ರ್‍ಯಾಮ್ ಕೆಟ್ಟು ಹೀಗಾಗೋದೂ ಇದೆ.

ಪೆನ್ ಡ್ರೈವ್, ಮೆಮೊರಿ ಕಾರ್ಡಲ್ಲಿ ಮಾತ್ರ ಹೀಗಾಗ್ತಿದ್ರೆ ನನ್ನ ಮೊದಲ ಅನುಮಾನ ನಕಲಿ ಮಾಲಿನ ಮೇಲೆ. ಒಳಗೆ 32 ಜಿಬಿ ಚಿಪ್ ಇಟ್ಟು 512 ಅಂತ ಸುಳ್ಳು ಹೇಳೋ ಡ್ರೈವ್‌ಗಳು ಜಾಗ ಮುಗಿದ ಮೇಲೆ ಎರರ್ ಕೊಡದೆ ಮತ್ತೆ ಶುರುವಿಂದ ಬರೀತಾ ಹೋಗತ್ತೆ, ಹಳೇ ಫೈಲ್ ಓಪನ್ ಮಾಡಿದ್ರೆ ಹೊಸದು ಬರತ್ತೆ. ಕಾಪಿ ಮಾಡಿದ ಕೂಡ್ಲೇ ನೋಡಿದ್ರೆ ಎಲ್ಲಾ ಸರಿ ಕಾಣತ್ತೆ, ಯಾಕಂದ್ರೆ ಅದು ಬರ್ತಿರೋದು ರ್‍ಯಾಮಿನ ಕ್ಯಾಶಿಂದ, ಕಿತ್ತು ಮತ್ತೆ ಸಿಕ್ಕಿಸಿದಾಗ್ಲೇ ಬಣ್ಣ ಬಯಲಾಗೋದು. ಎಫ್3 ಪ್ಯಾಕೇಜ್ ಇನ್‌ಸ್ಟಾಲ್ ಮಾಡಿ, ಡ್ರೈವಲ್ಲಿ ಉಳಿದದ್ದನ್ನ ಈಚೆ ತೆಗೆದು ಫಾರ್ಮ್ಯಾಟ್ ಮಾಡಿ, ಎಫ್3ರೈಟ್ ಹಾಕಿ ತುಂಬ್ಸಿ, ಒಂದ್ಸಲ ಕಿತ್ತು ಸಿಕ್ಕಿಸಿ, ಎಫ್3ರೀಡ್ ಹಾಕಿ. ಓವರ್‌ರಿಟನ್ ಅನ್ನೋ ಸಾಲಲ್ಲಿ ಸೊನ್ನೆ ಬಿಟ್ಟು ಬೇರೆ ಏನಾದ್ರೂ ಬಂದ್ರೆ ಮಾಲು ನಕಲಿ, ಆ ಔಟ್‌ಪುಟ್ಟಿನ ಸ್ಕ್ರೀನ್‌ಶಾಟ್ ಇಟ್ಕೊಂಡು ರಿಟರ್ನ್ ಹಾಕಿ. ರಿಟರ್ನ್ ಟೈಮ್ ಮುಗಿದಿದ್ರೆ ಎಫ್3ಪ್ರೋಬ್ ನಿಜವಾದ ಸೈಜ್ ಎಷ್ಟು ಅಂತ ಹೇಳತ್ತೆ, ಎಫ್3ಫಿಕ್ಸ್ ಅಷ್ಟಕ್ಕೇ ಪಾರ್ಟಿಷನ್ ಮಾಡಿಕೊಡತ್ತೆ, ಹಾಡು ಹಾಕ್ಕೊಂಡು ಕಾರಲ್ಲಿ ಸಿಕ್ಕಿಸೋಕೆ ಆಗತ್ತೆ, ಫೋಟೋ ಇಡೋಕೆ ಬೇಡ.